ಮನೆಯ ವೆಂಟಿಲೇಶನ್ ಯಂತ್ರದ ಫಿಲ್ಟರ್: ಕೆಂಪು ದೀಪ ಹತ್ತಿದೆ, ಯಾವುದು ತರಲಿ, ಹೇಗೆ ಹಾಕಲಿ?

ಶಿರಸಿಯವಳು (ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್)

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ ಅನ್ನಿಸಬಹುದು, ಆದರೆ ನಮ್ಮ ಮನೆಯಲ್ಲಿ ಈಗ ಬೆಳಗಾದರೆ ಇದರದ್ದೇ ಮಾತು.

ಕಳೆದ ವರ್ಷ ಮೀರ್‌ಹೋವನ್‌ನಲ್ಲಿ ಒಂದು ಸಾಲುಮನೆ ಕೊಂಡೆವು. 2020ರಲ್ಲಿ ಕಟ್ಟಿದ್ದು. ಗ್ಯಾಸ್ ಇಲ್ಲ, ಹೀಟ್ ಪಂಪ್ ಇದೆ, ಅಡುಗೆ ಇಂಡಕ್ಷನ್ ಮೇಲೆ. ಅಟ್ಟದಲ್ಲಿ ವಾಷಿಂಗ್ ಮಷೀನ್ ಪಕ್ಕ ಒಂದು ದೊಡ್ಡ ಬಿಳಿ ಪೆಟ್ಟಿಗೆ, ಅದರ ತಲೆಯಿಂದ ನಾಲ್ಕು ದಪ್ಪ ಪೈಪು. ಇಲ್ಲಿಯವರು ವೇ-ತೇ-ವೇ ಅನ್ನುತ್ತಾರಲ್ಲ, ಹೊರಗೆ ಹೋಗುವ ಗಾಳಿಯ ಬಿಸಿಯನ್ನು ಒಳಗೆ ಬರುವ ಗಾಳಿಗೆ ದಾಟಿಸುವ ಯಂತ್ರ, ಅದೇ. ಮನೆ ಮಾರಿದವರು ಕೀಲಿ ಕೊಟ್ಟು ಕೈ ತೊಳೆದುಕೊಂಡರು. ಈ ಪೆಟ್ಟಿಗೆ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಈಗ ಅಡುಗೆಮನೆ ಗೋಡೆಯ ಸ್ವಿಚ್‌ನಲ್ಲಿ ಕೆಂಪು ದೀಪ ಹತ್ತಿದೆ. ಮೇಲೆ ಹೋಗಿ ಪೆಟ್ಟಿಗೆಯ ಮುಂದಿನ ಎರಡು ಮುಚ್ಚಳ ಎಳೆದು ನೋಡಿದೆ. ಒಳಗೆ ಎರಡು ಫಿಲ್ಟರ್. ಒಂದು ಪೂರ್ತಿ ಬೂದು ಬಣ್ಣ, ನಡುವೆ ಇದ್ದಿಲಿನಷ್ಟು ಕಪ್ಪು, ಮಡಿಕೆಗಳ ಸಂದಿಯಲ್ಲೆಲ್ಲಾ ಸತ್ತ ನುಸಿ. ಇನ್ನೊಂದು ಹಳದಿ-ಕಂದು. ಮುಟ್ಟಿದರೆ ಬೆರಳಿಗೆ ಅಂಟು. ಮೂಸಿ ನೋಡಿದರೆ, ನಂಬುತ್ತೀರೋ ಇಲ್ಲವೋ, ಇಂಗಿನ ವಾಸನೆ!

ಅತ್ತೆ ಬಂದಿದ್ದಾರೆ. ದಿನಾ ಎರಡು ಹೊತ್ತು ಒಗ್ಗರಣೆ, ಬೆಳಿಗ್ಗೆ ದೇವರ ಮುಂದೆ ಊದಿನಕಡ್ಡಿ. ಹಾಗಾಗಿ ಆ ಎರಡನೆಯ ಫಿಲ್ಟರ್ ಕಥೆ ಅರ್ಥವಾಯಿತು. ಆದರೆ ಅಂಗಡಿಗಳ ವೆಬ್‌ಸೈಟ್ ತೆಗೆದರೆ ತಲೆಬುಡ ಗೊತ್ತಾಗುತ್ತಿಲ್ಲ. ಜಿ4 ಅಂತೆ, ಎಫ್7 ಅಂತೆ, ಇಪಿಎಂ1 ಅಂತೆ, ಕೋರ್ಸ್ ಅಂತೆ. ಒಂದೇ ಅಳತೆಗೆ 18 ಯೂರೋದ್ದೂ ಇದೆ, 42 ಯೂರೋದ್ದೂ ಇದೆ. ಯಾವುದು ತರಬೇಕು? ಇವನ್ನೇ ತೊಳೆದು ಹಾಕಬಹುದಾ? ನಮ್ಮವರಿಗೆ ಏಪ್ರಿಲ್ ಬಂತೆಂದರೆ ಪರಾಗದ ಅಲರ್ಜಿ, ಕಣ್ಣು ಮೂಗು ಎರಡೂ ಸೋರುತ್ತವೆ. ಅದಕ್ಕೆ ಇದರಿಂದ ಏನಾದರೂ ಸಹಾಯ ಆಗುತ್ತದಾ? ಚಳಿಗಾಲದಲ್ಲಿ ಮನೆ ಒಣಗಿ ತುಟಿ ಒಡೆಯುವುದು ಈ ಪೆಟ್ಟಿಗೆಯಿಂದಲೇ ಅನ್ನುವುದು ಅವರ ವಾದ. ರಾತ್ರಿ ಆಫ್ ಮಾಡಿಬಿಡೋಣ ಅನ್ನುತ್ತಾರೆ. ಗೊತ್ತಿದ್ದವರು ಹೇಳಿ.

ತುಮಕೂರು ಟು ಟಿಲ್ಬರ್ಗ್

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ವ್ಯಾಕ್ಯೂಮ್ ಹೊಡೆದು ವಾಪಸ್ ಹಾಕಿ, ಸ್ವಿಚ್ ಒತ್ತಿ ಹಿಡಿದರೆ ದೀಪ ಹೋಗುತ್ತದೆ. ನಾನು ವರ್ಷಕ್ಕೊಂದು ಸಲ ಶವರ್ ಕೆಳಗೆ ಹಿಡಿದು ಸೋಪು ಹಾಕಿ ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ ಹಾಕುತ್ತೇನೆ. ಹೊಸದರಂತೆ ಆಗುತ್ತದೆ. ಚಳಿಗಾಲದಲ್ಲಿ ರಾತ್ರಿ ಪ್ಲಗ್ ಕಿತ್ತಿಡುತ್ತೇನೆ, ಕರೆಂಟೂ ಉಳಿತಾಯ, ಸದ್ದೂ ಇಲ್ಲ. ಈ ಫಿಲ್ಟರ್ ಮಾರುವವರದ್ದು ಸುಮ್ನೆ ವ್ಯಾಪಾರ.

ದಾವಣಗೆರೆ ಬೆಣ್ಣೆ (ವೆಲ್ಡ್‌ಹೋವನ್)

ತುಮಕೂರು ಅಣ್ಣ ಬೇಜಾರು ಮಾಡ್ಕೋಬೇಡಿ, ನೀವು ಹೇಳಿದ್ದರಲ್ಲಿ ಸ್ವಿಚ್ ಒತ್ತಿ ಹಿಡಿಯುವುದೊಂದು ಬಿಟ್ಟು ಉಳಿದದ್ದು ಯಾವುದೂ ಮಾಡಬಾರದ್ದು. ಐಂಡ್‌ಹೋವನ್ ಸುತ್ತಮುತ್ತ ಮನೆಗಳ ವೆಂಟಿಲೇಶನ್ ಸರ್ವಿಸ್ ಮಾಡುವುದೇ ನನ್ನ ಹೊಟ್ಟೆಪಾಡು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಚಹಾ ಹಿಡಿದು ಕೂತುಕೊಳ್ಳಿ.

ಮೊದಲು ಆ ಕೆಂಪು ದೀಪ. ಹೆಚ್ಚಿನ ಯಂತ್ರಗಳಲ್ಲಿ ಅದು ಫಿಲ್ಟರ್ ನೋಡಿ ಹತ್ತುವುದಿಲ್ಲ. ಒಳಗೊಂದು ಟೈಮರ್ ದಿನ ಎಣಿಸುತ್ತದೆ, ಲೆಕ್ಕ ಮುಗಿದ ದಿನ ದೀಪ ಹತ್ತುತ್ತದೆ. ನೀವು ಯುಗಾದಿಗೆ ನೂರು ಹೋಳಿಗೆ ಬೇಯಿಸಿದ್ದೀರೋ, ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದೀರೋ ಅದಕ್ಕೆ ಗೊತ್ತಿಲ್ಲ. ಹಾದುಹೋದ ಗಾಳಿಯ ಲೆಕ್ಕ ಇಡುವ, ಒತ್ತಡ ಅಳೆಯುವ ಯಂತ್ರಗಳೂ ಇವೆ. ಆದರೂ ನಾನು ಗಿರಾಕಿಗಳಿಗೆ ಹೇಳುವುದು ಒಂದೇ: ಮೂರು ತಿಂಗಳಿಗೊಮ್ಮೆ ಎಳೆದು ಕಣ್ಣಾರೆ ನೋಡಿ, ಆರು ತಿಂಗಳಿಗೆ ಬದಲಾಯಿಸಿ. ನಮ್ಮ ಅಡುಗೆ ಮಾಡುವ ಮನೆಗಳಲ್ಲಿ ಎರಡನೆಯ ಫಿಲ್ಟರ್ ಆರು ತಿಂಗಳೂ ತಡೆಯುವುದಿಲ್ಲ.

ಎರಡನೆಯದು ಅಂದೆನಲ್ಲ, ಅಲ್ಲೇ ವಿಷಯ ಇರುವುದು. ಇಬ್ಬರ ಕೆಲಸ ಬೇರೆ ಬೇರೆ. ನೀವು ಕಂಡ ಕಪ್ಪು ಫಿಲ್ಟರ್ ಹೊರಗಿನ ಗಾಳಿಯದ್ದು. ಮಾಡಿನ ಮೇಲಿನ ಕೊಳವೆಯಿಂದ ಬರುವ ಗಾಳಿ ಮೊದಲು ಅದನ್ನು ದಾಟಿಯೇ ಮುಂದೆ ಹೋಗಬೇಕು. ಮೀರ್‌ಹೋವನ್ ಅಂದರೆ ಒಂದು ಕಡೆ ಎ2 ಹೆದ್ದಾರಿ, ಇನ್ನೊಂದು ಕಡೆ ವಿಮಾನ ನಿಲ್ದಾಣ. ಅಕ್ಕಪಕ್ಕದಲ್ಲಿ ಯಾರಾದರೂ ಸೌದೆ ಒಲೆ ಉರಿಸುತ್ತಿದ್ದರೆ ಮಸಿ ಇನ್ನೂ ಜಾಸ್ತಿ. ಅದು ಕಪ್ಪಾಗಿದೆ ಅಂದರೆ ಯಂತ್ರ ಕೆಟ್ಟಿದೆ ಅಂತಲ್ಲ. ಅಷ್ಟು ಮಸಿ ನಿಮ್ಮ ಶ್ವಾಸಕೋಶಕ್ಕೆ ಹೋಗದೆ ಅಲ್ಲೇ ಕೂತಿದೆ ಅಂತ. ಅಂಟು ಇರುವುದು ಒಳಗಿನ ಗಾಳಿಯ ಫಿಲ್ಟರ್. ಅಡುಗೆಮನೆ, ಬಚ್ಚಲು, ಟಾಯ್ಲೆಟ್‌ಗಳಿಂದ ಎಳೆದುಕೊಂಡ ಗಾಳಿ ಅದರ ಮೂಲಕ ಹೊರಗೆ ಹೋಗುತ್ತದೆ. ಅದು ಕಾಯುವುದು ನಿಮ್ಮನ್ನಲ್ಲ, ಯಂತ್ರದ ಹೊಟ್ಟೆಯನ್ನು. ಒಳಗೆ ಬಿಸಿ ದಾಟಿಸುವ ಒಂದು ದಿಂಡು ಇದೆ, ಕೂದಲೆಳೆಯಷ್ಟು ಸಂದಿಗಳ ಪದರ ಪದರ. ಅದರೊಳಗೆ ಎಣ್ಣೆ ಜಿಡ್ಡು ಕೂತರೆ ಮತ್ತೆ ಪೂರ್ತಿ ಬಿಡಿಸುವುದು ಕಷ್ಟ.

ಈಗ ಆ ಜಿ, ಎಫ್ ಗೊಂದಲ. ಜಿ4, ಎಫ್7 ಎಲ್ಲ ಹಳೆಯ ಯುರೋಪಿಯನ್ ಮಾನಕದ ಹೆಸರು, ಇಎನ್ 779 ಅಂತ. 2018ರಲ್ಲಿ ಅದನ್ನು ಕೈಬಿಟ್ಟು ಐಎಸ್‌ಒ 16890 ತಂದರು. ಅಂಗಡಿಯವರು ಎರಡೂ ಹೆಸರು ಬಳಸುತ್ತಾರೆ. ಹಳೆಯ ಜಿ4 ಅಂದರೆ ಹೆಚ್ಚುಕಡಿಮೆ ಈಗಿನ 'ಕೋರ್ಸ್', ಅಂದರೆ ದೊಡ್ಡ ಧೂಳು ಹಿಡಿಯುವುದು. ಎಫ್7 ಅಂದರೆ ಈಗಿನ 'ಇಪಿಎಂ1', 1 ಮೈಕ್ರಾನ್‌ಗಿಂತ ಸಣ್ಣ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಹಿಡಿಯುವುದು. ಪಕ್ಕದಲ್ಲಿ ಶೇಕಡಾ 50, 60, 70 ಅಂತ ಬರೆದಿರುತ್ತಾರೆ, ಅದು ಹಿಡಿಯುವ ಪ್ರಮಾಣ.

ನಿಮಗೆ ಬೇಕಾದ್ದು ಹೊರಗಿನ ಗಾಳಿಗೆ ಎಫ್7, ಒಳಗಿನ ಗಾಳಿಗೆ ಜಿ4. ಎರಡೂ ಕಡೆ ಎಫ್7 ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹೊರಗೆ ಎಸೆಯುವ ಗಾಳಿಯನ್ನು ಅಷ್ಟು ಸೋಸಿ ಯಾರಿಗೆ ಕೊಡುತ್ತೀರಿ? ಮೂಗಿಗಿಂತ ಮೂಗುತಿ ಭಾರ. ಅತ್ತೆಯ ಒಗ್ಗರಣೆ ಜಿಡ್ಡಿಗೆ ಎಫ್7 ಬೇಗನೆ ಕಟ್ಟಿಕೊಳ್ಳುತ್ತದೆ, ಫ್ಯಾನ್ ಮೇಲೆ ಭಾರ ಬೀಳುತ್ತದೆ, ದುಡ್ಡೂ ದಂಡ.

ನಿಮ್ಮವರ ಅಲರ್ಜಿಗೆ ಇದು ನಿಜಕ್ಕೂ ಸಹಾಯ ಮಾಡುತ್ತದೆ. ಇಲ್ಲಿ ಏಪ್ರಿಲ್‌ನಲ್ಲಿ ಕಾಡುವುದು ಬರ್ಚ್ ಮರದ ಪರಾಗ, ಆಮೇಲೆ ಮೇ ಇಂದ ಜುಲೈ ತನಕ ಹುಲ್ಲಿನದ್ದು. ಬರ್ಚ್ ಪರಾಗದ ಕಣ 20 ಮೈಕ್ರಾನ್ ಮೇಲಿರುತ್ತದೆ, ಎಫ್7ಗೆ ಅದು ಆನೆ ಗಾತ್ರ. ಆದರೆ ಕಿಟಕಿ ತೆರೆದಿಟ್ಟು ಫಿಲ್ಟರ್ ಮೇಲೆ ಭಾರ ಹಾಕಿದರೆ ಪ್ರಯೋಜನ ಇಲ್ಲ. ಆ ತಿಂಗಳುಗಳಲ್ಲಿ ಮಲಗುವ ಕೋಣೆಯ ಕಿಟಕಿ ಮುಚ್ಚಿ, ಯಂತ್ರ ತನ್ನ ಕೆಲಸ ಮಾಡಲಿ. ಯಾವಾಗ ಬದಲಾಯಿಸುವುದು ಅಂತ ನೆನಪಿಡಲು ಸುಲಭ ದಾರಿ ಇದೆ: ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ. ಗಡಿಯಾರ ಒಂದು ಗಂಟೆ ತಿರುಗಿಸುವ ದಿನ. ಮಾರ್ಚ್‌ನದ್ದು ಬರ್ಚ್ ಶುರುವಾಗುವ ಮುಂಚೆ ಬರುತ್ತದೆ. ಅಕ್ಟೋಬರ್‌ನದ್ದು ಮಂಜು, ಜಿಟಿಜಿಟಿ ಮಳೆ ಶುರುವಾದಾಗ. ಬೇಸಿಗೆಯ ಪರಾಗ, ನುಸಿ ಎಲ್ಲ ಕೂತಿರುವ ಫಿಲ್ಟರ್ ಆ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸೆಟ್ ಮಾತ್ರ ಮೊದಲೇ ತರಿಸಿಡಿ. ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೆ ಆರ್ಡರ್ ಮಾಡುತ್ತಾರೆ.

ತೊಳೆಯುವ ವಿಷಯ. ಈ ಫಿಲ್ಟರ್‌ಗಳು ಬಟ್ಟೆಯಂತೆ ಕಂಡರೂ ಬಟ್ಟೆ ಅಲ್ಲ, ಸಿಂಥೆಟಿಕ್ ನಾರು. ಬಹಳಷ್ಟು ಸಲ ಆ ನಾರಿಗೆ ಸ್ಥಿರ ವಿದ್ಯುತ್ ಕೊಟ್ಟಿರುತ್ತಾರೆ, ಸಣ್ಣ ಕಣಗಳನ್ನು ಅದು ಎಳೆದು ಹಿಡಿಯುತ್ತದೆ. ಸೋಪು ನೀರು ಬಿದ್ದರೆ ಆ ಗುಣ ಹೋಯಿತು. ಮಡಿಕೆ ಅಂಟಿಕೊಳ್ಳುತ್ತದೆ, ಒಳಗೆ ತೇವ ಉಳಿದರೆ ಬೂಷ್ಟಿನ ಗಾಳಿ ನೇರ ಮಲಗುವ ಕೋಣೆಗೆ. ಕಣ್ಣಿಗೆ ಬೆಳ್ಳಗಾಗಿ ಕಾಣುತ್ತದೆ, ಅಷ್ಟೇ. ಜಿ4ಗೆ ಮಧ್ಯದಲ್ಲೊಮ್ಮೆ, ಕೊಳೆ ಕೂತ ಕಡೆಯಿಂದ ಹಗುರಾಗಿ ವ್ಯಾಕ್ಯೂಮ್ ಹಿಡಿಯಬಹುದು. ಎಫ್7ಗೆ ಅದೂ ಬೇಡ.

ಒರಿಜಿನಲ್ಲಾ, ಹೊಂದುವಂಥದ್ದಾ? ನನಗೆ ಹೊಂದುವಂಥದ್ದರ ಬಗ್ಗೆ ತಕರಾರಿಲ್ಲ, ಅಳತೆ ಸರಿ ಇದ್ದು ಮೇಲೆ ವರ್ಗ ಮುದ್ರಿಸಿದ್ದರೆ ಸಾಕು. ಪೆಟ್ಟಿಗೆಯ ಸ್ಟಿಕರ್ ಮೇಲಿನ ಮಾಡೆಲ್ ಪೂರ್ತಿ ಬರೆದುಕೊಳ್ಳಿ. ಬ್ರಿಂಕ್, ಝೆಂಡರ್, ಇಥೋ ಯಾವುದೇ ಇರಲಿ, ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗೆ ಬೇರೆ ಬೇರೆ ಅಳತೆ. ಒಂದು ಪರೀಕ್ಷೆ ಹೇಳುತ್ತೇನೆ. ಬಳಸಿದ ಫಿಲ್ಟರ್ ತೆಗೆದಾಗ ಅದರ ಮೈ ಮಾತ್ರ ನೋಡಬೇಡಿ, ಅಂಚು ನೋಡಿ. ಚೌಕಟ್ಟಿನ ಪಕ್ಕಕ್ಕೆ ಬೂದು ಗೆರೆಗಳು ಉದ್ದಕ್ಕೆ ಎಳೆದಂತೆ ಇದ್ದರೆ ಗಾಳಿ ಫಿಲ್ಟರ್ ದಾಟದೆ ಸಂದಿಯಿಂದ ನುಸುಳಿದೆ ಅಂತ ಅರ್ಥ. ಅಂಥದ್ದನ್ನು ಮತ್ತೆ ತರಬೇಡಿ, ಎಷ್ಟೇ ಅಗ್ಗ ಇರಲಿ. ಮೈ ಕಪ್ಪು, ಅಂಚು ಬಿಳಿ ಇದ್ದರೆ ಸರಿಯಾಗಿ ಕೂತಿತ್ತು.

ಹಾಕುವುದು ಕಷ್ಟವಿಲ್ಲ. ಮೊದಲು ಪ್ಲಗ್ ತೆಗೆಯಿರಿ, ಫ್ಯಾನ್ ನಿಲ್ಲುವ ತನಕ ಒಂದು ನಿಮಿಷ ಕಾಯಿರಿ. ಓಡುತ್ತಿರುವಾಗ ಫಿಲ್ಟರ್ ಎಳೆದರೆ ಉದುರುವ ಕೊಳೆಯನ್ನೆಲ್ಲ ಯಂತ್ರ ಒಳಗೆ ಎಳೆದುಕೊಳ್ಳುತ್ತದೆ. ಕಸದ ಚೀಲ ಬಾಯಿ ತೆರೆದು ಪಕ್ಕದಲ್ಲೇ ಇಟ್ಟುಕೊಳ್ಳಿ. ಹಳೆಯದನ್ನು ಎಳೆಯುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಯಾವ ಕಡೆ ಯಾವುದು ಇತ್ತು, ಬಾಣ ಯಾವ ಕಡೆ ಇತ್ತು ಅಂತ. ತುದಿಯ ನಾಲಿಗೆ ಹಿಡಿದು ನಿಧಾನವಾಗಿ, ನೇರವಾಗಿ ಎಳೆಯಿರಿ, ಕೊಡವಬೇಡಿ. ಖಾಲಿ ಗೂಡನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹೊಸದರ ಚೌಕಟ್ಟಿನ ಮೇಲೆ ಗಾಳಿ ಹೋಗುವ ದಿಕ್ಕಿನ ಬಾಣ ಇರುತ್ತದೆ, ಅದು ಯಂತ್ರದ ಒಳಮುಖಕ್ಕೆ, ಬಿಸಿ ದಾಟಿಸುವ ದಿಂಡಿನ ಕಡೆಗೆ ಇರಬೇಕು. ಎರಡೂ ಫಿಲ್ಟರ್‌ಗೂ ಅಷ್ಟೇ. ಎಡ ಯಾವುದು ಬಲ ಯಾವುದು ಅಂತ ಇಲ್ಲಿ ಯಾರನ್ನೂ ಕೇಳಬೇಡಿ, ಎಡಗೈ ಬಲಗೈ ಎರಡೂ ಥರದ ಜೋಡಣೆ ಇದೆ. ನಾಲ್ಕು ಪೈಪುಗಳ ಹತ್ತಿರ ಮನೆಯ ಚಿತ್ರಕ್ಕೆ ಬಾಣ ಬರೆದ ಸ್ಟಿಕರ್ ಇರುತ್ತದೆ, ಅದನ್ನು ನೋಡಿ. ಮುಚ್ಚಳ ಒತ್ತಿ, ಪ್ಲಗ್ ಹಾಕಿ, ಟೈಮರ್ ರಿಸೆಟ್ ಮಾಡಿ. ಇದನ್ನು ಬಿಟ್ಟರೆ ದೀಪ ಹಳೆಯ ಲೆಕ್ಕದಲ್ಲೇ ಇರುತ್ತದೆ.

ಮೇಲೆ ಹೋದಾಗ ಯಂತ್ರದ ಅಡಿಯ ಸಣ್ಣ ನೀರಿನ ಪೈಪನ್ನೂ ನೋಡಿ. ಚಳಿಗಾಲದಲ್ಲಿ ಒಳಗಿನ ತೇವ ತಣಿದು ನೀರಾಗಿ ಅದರಲ್ಲಿ ಇಳಿಯುತ್ತದೆ. ಅಲ್ಲಿ ಸೈಫನ್ ಇದೆ, ಅಂದರೆ ಚರಂಡಿ ಗಾಳಿ ಮೇಲೆ ಬರದಂತೆ ನೀರು ನಿಲ್ಲುವ ಬಾಗು. ಬೇಸಿಗೆಯಲ್ಲಿ ಅದರ ನೀರು ಆರಿಹೋಗುತ್ತದೆ. ಆಗ ಗೊಳಗೊಳ ಸದ್ದು, ಚರಂಡಿ ವಾಸನೆ. ಒಂದು ಲೋಟ ನೀರು ಹುಯ್ದರೆ ಸರಿ ಹೋಗುತ್ತದೆ.

ರಾತ್ರಿ ಆಫ್ ಮಾಡುವುದು ದಯವಿಟ್ಟು ಬೇಡ. ಲೆಕ್ಕ ನೋಡಿ: ಯಂತ್ರ 40 ವಾಟ್ ಎಳೆಯುತ್ತದೆ ಅಂತಿಟ್ಟುಕೊಂಡರೆ ವರ್ಷಪೂರ್ತಿ ಓಡಿದರೂ 350 ಯೂನಿಟ್. ರಾತ್ರಿ ಎಂಟು ಗಂಟೆ ನಿಲ್ಲಿಸಿದರೆ ಉಳಿಯುವುದು ಅದರ ಮೂರನೇ ಒಂದು ಭಾಗ. ಅಷ್ಟಕ್ಕೆ ಮುಚ್ಚಿದ ಮನೆಯಲ್ಲಿ ಇಡೀ ರಾತ್ರಿ ನಾಲ್ಕು ಜನರ ಉಸಿರು, ಕಿಟಕಿ ಮೇಲೆ ನೀರು, ಮೂಲೆಯಲ್ಲಿ ಬೂಷ್ಟು. ಬದಲಿಗೆ ಕಿಟಕಿ ತೆರೆದರೆ ಬಿಸಿ ಹೊರಗೆ ಓಡುತ್ತದೆ. ಹೊರಗೆ 5 ಡಿಗ್ರಿ, ಒಳಗೆ 20 ಇದ್ದಾಗ ಒಳ್ಳೆಯ ಯಂತ್ರ ಶೇಕಡಾ 90ರಷ್ಟು ಬಿಸಿ ವಾಪಸ್ ಕೊಟ್ಟರೆ ಒಳಗೆ ಬರುವ ಗಾಳಿ 18.5 ಡಿಗ್ರಿ ಇರುತ್ತದೆ. ಕಿಟಕಿಯಿಂದ ಬರುವುದು 5 ಡಿಗ್ರಿಯದ್ದೇ.

ಒಣ ಗಾಳಿ ಬಗ್ಗೆ ನಿಮ್ಮವರು ಹೇಳುವುದು ಅರ್ಧ ಸರಿ. ಫಿಲ್ಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ತಣ್ಣನೆಯ ಗಾಳಿಯಲ್ಲಿ ನೀರು ಹಿಡಿಯುವ ತಾಕತ್ತೇ ಕಡಿಮೆ. 0 ಡಿಗ್ರಿಯ ಪೂರ್ತಿ ತೇವದ ಗಾಳಿಯನ್ನು 20 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಶೇಕಡಾ 30ಕ್ಕೂ ಕೆಳಗೆ ಇಳಿಯುತ್ತದೆ. ಕಿಟಕಿ ತೆರೆದರೂ ಅದೇ ಗಾಳಿ ತಾನೇ ಬರುವುದು. ಚಳಿ ಜೋರಿದ್ದು ಮನೆಯಲ್ಲಿ ಯಾರೂ ಇಲ್ಲದಾಗ ಗೋಡೆಯ ಸ್ವಿಚ್ 1ರಲ್ಲಿ, ಅಂದರೆ ಕಡಿಮೆ ಗಾಳಿಯಲ್ಲಿ ಇಡಿ, ಸಾಕು. ಹೊಸ ಯಂತ್ರ ಕೊಳ್ಳುವವರಾದರೆ ತೇವವನ್ನೂ ವಾಪಸ್ ಕೊಡುವ ಎಂಥಾಲ್ಪಿ ದಿಂಡಿನದ್ದು ಕೇಳಬಹುದು. ನಿಮ್ಮದು ಇರುವ ಯಂತ್ರ, ಅದರ ಯೋಚನೆ ಈಗ ಬೇಡ.

ಪ್ಲಗ್ ಕೀಳಲೇಬೇಕಾದ ಸಂದರ್ಭ ಒಂದಿದೆ. ಹತ್ತಿರ ಎಲ್ಲಾದರೂ ದೊಡ್ಡ ಬೆಂಕಿ ಬಿದ್ದು ಮೊಬೈಲಿಗೆ ಎನ್‌ಎಲ್-ಅಲರ್ಟ್ (ಇಲ್ಲಿನ ಸರ್ಕಾರದ ತುರ್ತು ಎಚ್ಚರಿಕೆ) ಬಂದಾಗ ಕಿಟಕಿ ಬಾಗಿಲು ಮುಚ್ಚಿ, ವೆಂಟಿಲೇಶನ್ ನಿಲ್ಲಿಸಿ ಅನ್ನುತ್ತಾರೆ. ಸ್ವಿಚ್‌ನಲ್ಲಿ ಪೂರ್ತಿ ಆಫ್ ಇಲ್ಲದ ಯಂತ್ರಗಳೇ ಜಾಸ್ತಿ. ಆದ್ದರಿಂದ ಪ್ಲಗ್ ಎಲ್ಲಿದೆ ಅಂತ ಮನೆಯವರಿಗೆಲ್ಲ ತೋರಿಸಿಡಿ, ಅತ್ತೆಗೂ. ಡಿಸೆಂಬರ್ 31ರ ರಾತ್ರಿ ಪಟಾಕಿ ಹೊಗೆಗೂ ನಾನು ಒಂದೆರಡು ಗಂಟೆ ಕೀಳುತ್ತೇನೆ.

ಶಿರಸಿಯವಳು

ಬೆಣ್ಣೆ ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ದೊಡ್ಡ ಧನ್ಯವಾದ. ಎಫ್7-ಜಿ4 ಸೆಟ್ ಆರ್ಡರ್ ಮಾಡಿದೆ. ಹಳೆಯದರ ಅಂಚು ನೋಡಿದೆ, ಹೊರಗಿನದು ಬಿಳಿ, ಒಳಗಿನದರಲ್ಲಿ ನೀವು ಹೇಳಿದ ಬೂದು ಗೆರೆ ಇದೆ!

ಇನ್ನೊಂದು ಪ್ರಶ್ನೆ. ಒಗ್ಗರಣೆ ನಿಲ್ಲಿಸುವ ಮಾತಿಲ್ಲ, ಅತ್ತೆ ಎದುರು ಆ ಮಾತು ತೆಗೆದರೆ ಸಂಜೆಗೆ ಊಟ ಇಲ್ಲ. ಜಿಡ್ಡು ಕಡಿಮೆ ಮಾಡಲು ಏನು ಮಾಡಬಹುದು? ಒಲೆ ಮೇಲೆ ಹೊಗೆ ಎಳೆಯುವ ಹುಡ್ ಇದೆ, ಅದನ್ನೂ ಹಾಕುತ್ತೇವೆ. ಆದರೆ ಅದರ ಪೈಪು ಎಲ್ಲೂ ಹೊರಗೆ ಹೋದಂತೆ ಕಾಣುವುದಿಲ್ಲ. ಅದನ್ನೇ ಈ ಯಂತ್ರ ಗಾಳಿ ಎಳೆಯುವ ಛಾವಣಿಯ ಬಿಳಿ ಬಾಯಿಗೆ ಜೋಡಿಸಿಬಿಟ್ಟರೆ ಹೇಗೆ ಅಂತ ನಮ್ಮವರ ಹೊಸ ಐಡಿಯಾ.

ದಾವಣಗೆರೆ ಬೆಣ್ಣೆ

ಆ ಐಡಿಯಾ ಅಲ್ಲಿಗೇ ಬಿಡಲು ಹೇಳಿ ಮೇಡಂ! ಹುಡ್‌ನ ಗಾಳಿ ಯಾವತ್ತೂ ಈ ಯಂತ್ರಕ್ಕೆ ಹೋಗಬಾರದು. ಬಟ್ಟೆ ಒಣಗಿಸುವ ಮಷೀನಿನದ್ದೂ ಹೋಗಬಾರದು. ಪೈಪು ತುಂಬ ಎಣ್ಣೆ ಕೂತರೆ ಬೆಂಕಿಗೆ ದಾರಿ, ಮನೆಯ ಗಾಳಿಯ ಲೆಕ್ಕವೂ ಏರುಪೇರು.

ನಿಮ್ಮದು ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಹುಡ್. ಹೊಸ ಮನೆಗಳಲ್ಲಿ ಹೆಚ್ಚಾಗಿ ಇದೇ. ಅದರಲ್ಲಿ ಎರಡು ಪದರ. ಕೆಳಗಿನ ಲೋಹದ ಜಾಲರಿ ಎಣ್ಣೆ ಹಿಡಿಯುತ್ತದೆ, ಮೇಲಿನ ಇದ್ದಿಲು ಫಿಲ್ಟರ್ ವಾಸನೆ ಹಿಡಿಯುತ್ತದೆ. ಜಾಲರಿಯನ್ನು ಡಿಶ್‌ವಾಷರ್‌ಗೆ ಹಾಕಬಹುದು. ಇಲ್ಲಿಯವರು ತಿಂಗಳಿಗೊಮ್ಮೆ ತೊಳೆದರೆ ನಾವು ವಾರಕ್ಕೊಮ್ಮೆ ತೊಳೆಯಬೇಕು, ಅಷ್ಟೇ ವ್ಯತ್ಯಾಸ. ಬೆಳಕಿಗೆ ಹಿಡಿದು ನೋಡಿ, ಆ ಕಡೆ ಬಲ್ಬ್ ಕಾಣದಿದ್ದರೆ ಹುಡ್ ಸುಮ್ನೆ ಸದ್ದು ಮಾಡುತ್ತಿದೆ. ಇದ್ದಿಲಿನದ್ದು ಕಾಲಕಾಲಕ್ಕೆ ಬದಲಾಯಿಸಬೇಕು. ನಾನು ಹೋದ ಬಹಳ ಮನೆಗಳಲ್ಲಿ ಅದೊಂದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಒಗ್ಗರಣೆಗೆ ಎಣ್ಣೆ ಕಾಯಿಸುವ ಮುಂಚೆಯೇ ಹುಡ್ ಹಾಕಿ, ಗೋಡೆಯ ಸ್ವಿಚ್ 3ಕ್ಕೆ ತಿರುಗಿಸಿ. ಸಾಸಿವೆ ಸಿಡಿದ ಮೇಲೆ ಹಾಕಿದರೆ ಹೊಗೆ ಅಷ್ಟರಲ್ಲಿ ಹಾಲಿಗೆ ಹೋಗಿಯಾಗಿರುತ್ತದೆ. ಅಡುಗೆ ಮುಗಿದ ಮೇಲೂ ಅರ್ಧ ಗಂಟೆ 3ರಲ್ಲೇ ಇರಲಿ. ಇಲ್ಲಿನ ಕಟ್ಟಡ ನಿಯಮದಲ್ಲಿ ಅಡುಗೆಮನೆಗೆ ಸೆಕೆಂಡಿಗೆ 21 ಲೀಟರ್, ಬಚ್ಚಲಿಗೆ 14, ಟಾಯ್ಲೆಟ್‌ಗೆ 7 ಲೀಟರ್ ಗಾಳಿ ಎಳೆಯುವ ಸಾಮರ್ಥ್ಯ ಬೇಕು ಅಂತಿದೆ. ನಮ್ಮ ಹೊಗೆಗೆ ಅದು ಸಾಲುತ್ತದೆಯೋ ಇಲ್ಲವೋ ಅನ್ನುವುದು ಬೇರೆ ಮಾತು. ಊದಿನಕಡ್ಡಿಯನ್ನು ಮಲಗುವ ಕೋಣೆಯಲ್ಲಿ ಹಚ್ಚಬೇಡಿ, ಅಡುಗೆಮನೆ ಕಡೆ ದೇವರಿದ್ದರೆ ಒಳ್ಳೆಯದು. ಹೊಗೆ ಸೀದಾ ಹೊರಗೆ ಹೋಗುತ್ತದೆ.

ಛಾವಣಿಯ ಬಿಳಿ ಬಾಯಿಗಳಿವೆಯಲ್ಲ, ಅವನ್ನೂ ವರ್ಷಕ್ಕೊಮ್ಮೆ ಬಿಸಿ ಸೋಪು ನೀರಲ್ಲಿ ತೊಳೆಯಿರಿ. ಅಡುಗೆಮನೆಯದ್ದು ತೆಗೆದಾಗ ಅಂಚಿನಲ್ಲಿ ಜೇನಿನ ಬಣ್ಣದ ಅಂಟು ಇರುತ್ತದೆ, ಹಳೆಯ ಟೂತ್‌ಬ್ರಷ್ ಬೇಕಾಗುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಬಾಯಿ ತೆಗೆಯಿರಿ. ನಡುವಿನ ತಟ್ಟೆಯನ್ನು ತಿರುಗಿಸಬೇಡಿ. ಆ ತಟ್ಟೆ ಎಷ್ಟು ಹೊರಗಿದೆ ಅನ್ನುವುದರ ಮೇಲೆ ಆ ಕೋಣೆಯ ಗಾಳಿಯ ಪ್ರಮಾಣ ನಿಂತಿದೆ. ಯಾರೋ ಉಪಕರಣ ಹಿಡಿದು ಮನೆ ಪೂರ್ತಿ ಅಳೆದು ಕೂರಿಸಿರುತ್ತಾರೆ. ಎಲ್ಲವನ್ನೂ ಒಟ್ಟಿಗೆ ಬಕೆಟ್‌ಗೆ ಹಾಕಿ ತೊಳೆದು ಅಂದಾಜಿಗೆ ಸಿಕ್ಕಿಸಿದರೆ ಬಚ್ಚಲಿನದ್ದು ಅಡುಗೆಮನೆಗೆ ಬಂದು ಕೂರುತ್ತದೆ. ಆಮೇಲೆ ನನ್ನಂಥವನನ್ನು ಕರೆಸಬೇಕು, ಫಿಲ್ಟರ್‌ಗಿಂತ ಅದು ದುಬಾರಿ.

ಮಿಸ್ಸಿಸಾಗಾ ಮಾಮ

ಕೆನಡಾದಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಇದಕ್ಕೆ ಎಚ್‌ಆರ್‌ವಿ ಅನ್ನುತ್ತಾರೆ, ನೆಲಮಾಳಿಗೆಯಲ್ಲಿ ಫರ್ನೇಸ್ ಪಕ್ಕ ನೇತಾಡುತ್ತಿರುತ್ತದೆ. ಇಲ್ಲಿನ ಬಹಳ ಯಂತ್ರಗಳಲ್ಲಿ ಬರುವ ಫಿಲ್ಟರ್ ತೊಳೆಯುವಂಥದ್ದೇ, ಕೈಪಿಡಿಯಲ್ಲೇ ಹಾಗೆ ಬರೆದಿರುತ್ತಾರೆ. ಆದ್ದರಿಂದ ತುಮಕೂರು ಅವರನ್ನು ಪೂರ್ತಿ ಬೈಯಬೇಡಿ, ಯಾರೋ ನಮ್ಮ ಕಡೆಯವರು ಹೇಳಿಕೊಟ್ಟಿರಬೇಕು. ಆದರೆ ತೊಳೆಯುವಂಥದ್ದು ದೊಡ್ಡ ಧೂಳಿಗೆ ಮಾತ್ರ. ಎಫ್7ಗೆ ಹತ್ತಿರದ್ದು ಬೇಕಾದರೆ ಇಲ್ಲಿ ಮರ್ವ್ 13 ಅಂತ ಕೇಳಬೇಕು, ಅದು ತೊಳೆಯುವಂಥದ್ದಲ್ಲ.

ಫಿಲ್ಟರ್ ಹೊಸದು ಹಾಕಿದರೂ ಗಾಳಿ ಬರುತ್ತಿಲ್ಲ ಅನ್ನುವವರು ಹೊರಗೆ ಹೋಗಿ ಗೋಡೆಯ ಮೇಲಿನ ಬಾಯಿ ನೋಡಬೇಕು. ಹಕ್ಕಿ, ಇಲಿ ಬರದ ಹಾಗೆ ಅದಕ್ಕೊಂದು ಜಾಲರಿ ಇರುತ್ತದೆ. ಜೂನ್‌ನಲ್ಲಿ ಕಾಟನ್‌ವುಡ್ ಮರದ ಹತ್ತಿ ಹಾರಿ ಬಂದು ಆ ಜಾಲರಿಗೆ ಕಂಬಳಿಯಷ್ಟು ದಪ್ಪ ಕೂತುಬಿಡುತ್ತದೆ. ಜನವರಿಯಲ್ಲಿ ಅದೇ ಜಾಗದಲ್ಲಿ ಹಿಮ. ಪಕ್ಕದ ಮನೆಯವರು ಹೊಸ ಯಂತ್ರ ಕೊಳ್ಳಲು ಹೊರಟಿದ್ದರು, ಪೊರಕೆಯಲ್ಲಿ ಮುಗಿಯಿತು.

ಬೆಳ್ಳಂದೂರು ಬಾಲ್ಕನಿ

ಬೆಂಗಳೂರಿನವನು, ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ. ಔಟರ್ ರಿಂಗ್ ರೋಡ್ ಪಕ್ಕದ ಫ್ಲ್ಯಾಟ್. ಧೂಳಿಗೆ ಕಿಟಕಿ ತೆರೆಯುವ ಹಾಗಿಲ್ಲ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಇಂಟೀರಿಯರ್‌ನವರು ಇಂಥದ್ದೇ ಬಿಸಿ ವಾಪಸ್ ಕೊಡುವ ಯಂತ್ರ ಹಾಕಿಸಿ ಅಂತ ದೊಡ್ಡ ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಬಹುದಾ?

ದಾವಣಗೆರೆ ಬೆಣ್ಣೆ

ಬಿಸಿ ವಾಪಸ್ ಯಾರಿಗೆ ಬೇಕು ಸ್ವಾಮಿ? ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿಯೂ 15-16 ಡಿಗ್ರಿ. ಒಳಗೂ ಹೊರಗೂ ಅಂತರವೇ ಇಲ್ಲದಿದ್ದರೆ ವಾಪಸ್ ಪಡೆಯಲು ಏನೂ ಇಲ್ಲ. ಇಡೀ ದಿನ ಎಸಿ ಓಡಿಸುವ ಆಫೀಸಾದರೆ ಬೇರೆ ಲೆಕ್ಕ. ನಿಮಗೆ ಬೇಕಾದ್ದು ಸೋಸಿದ ಹೊರಗಿನ ಗಾಳಿ, ಅಂದರೆ ಎಫ್7 ಥರದ ಫಿಲ್ಟರ್ ಇರುವ ಒಂದು ಫ್ಯಾನ್. ಅದರ ಅರ್ಧ ಖರ್ಚೂ ಆಗುವುದಿಲ್ಲ. ಆದರೆ ಕೊಟೇಶನ್‌ಗೆ ಸಹಿ ಹಾಕುವ ಮುಂಚೆ ಎರಡು ವಿಷಯ ಕೇಳಿ: ಈ ಫಿಲ್ಟರ್ ಐದು ವರ್ಷ ಆದ ಮೇಲೂ ಎಲ್ಲಿ ಸಿಗುತ್ತದೆ, ಅದನ್ನು ತೆಗೆಯಲು ಫಾಲ್ಸ್ ಸೀಲಿಂಗ್ ಒಡೆಯಬೇಕಾ? ಆ ರಸ್ತೆಯ ಧೂಳಿಗೆ ನೀವು ಅದನ್ನು ನಮಗಿಂತ ಎಷ್ಟೋ ಬೇಗ ಬದಲಾಯಿಸಬೇಕಾಗುತ್ತದೆ.

ಶಿರಸಿಯವಳು

ಹೊಸ ಸೆಟ್ ಬಂತು, ಹಾಕಿಯೂ ಆಯಿತು. ಅಡುಗೆಮನೆಯಲ್ಲಿ 3ಕ್ಕೆ ತಿರುಗಿಸಿದಾಗ ಮೊದಲು ಶಿಳ್ಳೆ ಹೊಡೆಯುವ ಸದ್ದಿತ್ತು, ಈಗ ಇಲ್ಲ. ಟಾಯ್ಲೆಟ್ ಬಾಯಿಗೆ ಒಂದು ಟಿಶ್ಯೂ ಹಿಡಿದೆ, ಗಟ್ಟಿಯಾಗಿ ಅಂಟಿಕೊಂಡಿತು. ಆದರೆ ಅತ್ತೆ ಮಲಗುವ ಕೋಣೆಯಲ್ಲಿ ಬೆಳಿಗ್ಗೆ ಹೋದರೆ ಇನ್ನೂ ಕಟ್ಟಿದ ವಾಸನೆ. ಛಾವಣಿಯ ಬಾಯಿಯಿಂದ ಗಾಳಿ ಬರುವುದು ಕೈಗೆ ಅಷ್ಟೇನೂ ಗೊತ್ತಾಗುತ್ತಿಲ್ಲ. ಅಕ್ಕಪಕ್ಕದ ಕೋಣೆಯಲ್ಲಿ ಸರಿ ಇದೆ.

ದಾವಣಗೆರೆ ಬೆಣ್ಣೆ

ಆ ಶಿಳ್ಳೆ ಕಟ್ಟಿಕೊಂಡ ಫಿಲ್ಟರ್‌ನದ್ದೇ. ಈಗಿನ ಫ್ಯಾನ್‌ಗಳು ಹಟಮಾರಿ, ದಾರಿ ಕಟ್ಟಿದಷ್ಟೂ ಜೋರಾಗಿ ತಿರುಗಿ ಲೆಕ್ಕದ ಗಾಳಿ ತಂದೇ ತರುತ್ತವೆ. ಸದ್ದೂ ಕರೆಂಟೂ ಅದರ ಜೊತೆ ಏರುತ್ತವೆ.

ಅತ್ತೆ ಕೋಣೆಯ ಬಾಗಿಲ ಕೆಳಗೆ ನೋಡಿ. ಚಳಿ ಗಾಳಿ ಬರುತ್ತದೆ ಅಂತ ಬಟ್ಟೆ ಸುತ್ತಿ ಇಟ್ಟಿದ್ದಾರಾ?

ಶಿರಸಿಯವಳು

ಅಯ್ಯೋ ಅಣ್ಣ, ಹೇಗೆ ಗೊತ್ತಾಯಿತು? ಹಳೆಯ ಕಾಟನ್ ಸೀರೆ ಮಡಚಿ ಉದ್ದಕ್ಕೆ ಇಟ್ಟಿದ್ದಾರೆ!

ದಾವಣಗೆರೆ ಬೆಣ್ಣೆ

ನಮ್ಮವರ ಮನೆಗಳಲ್ಲಿ ಮೊದಲು ನೋಡುವುದೇ ಅದನ್ನು. ಮಲಗುವ ಕೋಣೆಗೆ ಗಾಳಿ ಬರುತ್ತದೆ, ಹೊರಗೆ ಹೋಗುವುದು ಅಡುಗೆಮನೆ, ಬಚ್ಚಲಿನಿಂದ. ನಡುವಿನ ದಾರಿ ಬಾಗಿಲ ಕೆಳಗಿನ ಸಂದಿ. ಬಡಗಿ ಕತ್ತರಿಸುವಾಗ ಅಳತೆ ತಪ್ಪಿದ್ದಲ್ಲ, ಬೇಕಂತಲೇ ಸುಮಾರು 2 ಸೆಂಟಿಮೀಟರ್ ಬಿಟ್ಟಿರುತ್ತಾರೆ. ಅದನ್ನು ಮುಚ್ಚಿದರೆ ಕೋಣೆಯ ಗಾಳಿಗೆ ಹೋಗಲು ಜಾಗವಿಲ್ಲ, ಹೊಸ ಗಾಳಿಯೂ ಒಳಗೆ ಬರುವುದಿಲ್ಲ. ಸೀರೆ ತೆಗೆಸಿ. ಚಳಿ ಅಂದರೆ ಇನ್ನೊಂದು ಹೊದಿಕೆ ಕೊಡಿ. ದಪ್ಪ ಕಾರ್ಪೆಟ್ ಹಾಸಿದವರಿಗೂ ಇದೇ ತೊಂದರೆ ಬರುತ್ತದೆ.

ತುಮಕೂರು ಟು ಟಿಲ್ಬರ್ಗ್

ಬೆಣ್ಣೆ ಅಣ್ಣ, ಪ್ಲಗ್ ವಾಪಸ್ ಹಾಕಿದ್ದೇನೆ. ತೊಳೆದಿಟ್ಟ ಎರಡು ಸೆಟ್ ಮನೆಯಲ್ಲಿವೆ, ನೋಡಲು ಚೆನ್ನಾಗಿಯೇ ಇವೆ. ಬಿಸಾಡಲೇಬೇಕಾ?

ದಾವಣಗೆರೆ ಬೆಣ್ಣೆ

ಬಿಸಾಡಿ. ಪ್ಲಾಸ್ಟಿಕ್ ಮರುಬಳಕೆಯ ಚೀಲಕ್ಕಲ್ಲ, ರೆಸ್ಟಾಫ್ವಾಲ್‌ಗೆ, ಅಂದರೆ ಉಳಿದ ಕಸಕ್ಕೆ.